ತಾಳ್ಮೆಯ ಸರದಿ

ಸಿಟ್ಟು ಹೆಚ್ಚಿದ್ದವರಿಗೆ ಮೊದಲು ಉತ್ತರ ಕೊಟ್ಟರೆ ಹೇಗೆ?

ಈ ಪ್ರಶ್ನೆ ಕೇಳಿದವಳು ನಾನೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, 'ಹೊಸ್ತಿಲು' ಕಂಪನಿಯ ಮೂರನೆಯ ಮಹಡಿಯಲ್ಲಿ, ಮಿರ್ಚಿ ಭಜಿ ತಿನ್ನುತ್ತ ನಡೆದ ಮೀಟಿಂಗಿನಲ್ಲಿ ಕೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆರು ತಿಂಗಳ ನಂತರ ಆ ಪ್ರಶ್ನೆ ಯಂತ್ರವಾಯಿತು, ನನಗೆ ಬಡ್ತಿ ಸಿಕ್ಕಿತು, ನಗುವವರು ಯಾರೂ ಉಳಿಯಲಿಲ್ಲ.

ಹೊಸ್ತಿಲು ಎಂದರೆ ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಫೋನಿನಲ್ಲೇ ಮಾರುವ ಕಂಪನಿ. ಊರಿನ ಅರ್ಧ ಅಂಗಡಿಗಳು ಮುಚ್ಚಿಹೋಗಿದ್ದ ಕಾಲವದು. ಉಳಿದರ್ಧದಲ್ಲಿ ಚಹಾಪುಡಿ, ರಿಚಾರ್ಜು ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ನಮ್ಮಲ್ಲಿಗೆ ದಿನಕ್ಕೆ ನಲವತ್ತು ಸಾವಿರ ದೂರು ಬರುತ್ತಿದ್ದವು. ಕೂತು ಉತ್ತರ ಹೇಳಲು ಇದ್ದವರು ಇನ್ನೂರು ಜನ. ಬಂದ ಸರದಿಯಲ್ಲಿ ಮಾತಾಡಿಸಿದರೆ ಕೊನೆಯವರ ಪಾಳಿ ಮುಂದಿನ ತಿಂಗಳು. ಅಷ್ಟರಲ್ಲಿ ಸಿಟ್ಟಿನವರು ಬೇರೆ ಕಂಪನಿ ಹಿಡಿದಿರುತ್ತಿದ್ದರು. ಅದಕ್ಕೇ ತಾಳ್ಮೆಮಾಪಕ.

ಅದರ ಕೆಲಸ ಸರಳ. ಮನುಷ್ಯನ ಗಂಟಲಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಉಸಿರು ನಡುವೆ ಹಾದಾಗ ಅವು ಅದುರುತ್ತವೆ, ಅದೇ ನಮ್ಮ ದನಿ. ಮನಸ್ಸು ಕೆರಳಿದರೆ ಮಡಿಕೆಗಳು ಬಿಗಿಯಾಗುತ್ತವೆ, ಅದುರುವ ಲಯ ತಪ್ಪುತ್ತದೆ, ಮಾತಿನ ನಡುವೆ ಎಳೆದುಕೊಳ್ಳುವ ಉಸಿರು ಚಿಕ್ಕದಾಗುತ್ತದೆ. ನಮ್ಮ ಕಿವಿಗೆ ತಿಳಿಯುವ ಮೊದಲೇ ಯಂತ್ರಕ್ಕೆ ತಿಳಿಯುತ್ತದೆ. ಹನ್ನೊಂದು ಸೆಕೆಂಡು ಮಾತು ಕೇಳಿ ಅದು ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುತ್ತದೆ. ಸೊನ್ನೆ ಎಂದರೆ ತಾಳ್ಮೆ ಖಾಲಿ, ಈಗಲೇ ಮಾತಾಡಿಸಿ. ನೂರು ಎಂದರೆ ಇವರು ಇನ್ನೂ ಕಾಯುತ್ತಾರೆ, ಕಾಯಲಿ.

ಇದರೊಳಗೆ ಒಂದು ನಿಯಮ ಪೂರ್ತಿ ನನ್ನದು. ದನಿ ತಗ್ಗುತ್ತ ಹೋದರೆ ತಾಳ್ಮೆ ಮರಳುತ್ತಿದೆ ಎಂದು ತಿಳಿ, ಅಂಕಿ ಏರಿಸು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಸಿಟ್ಟು ಎಂದರೆ ಗದ್ದಲ. ಅಪ್ಪ ಕೂಗುತ್ತಿದ್ದ, ಅವ್ವ ಅವನಿಗಿಂತ ಜೋರಾಗಿ ಕೂಗುತ್ತಿದ್ದಳು, ಊಟದ ತಾಟು ಅಂಗಳಕ್ಕೆ ಹಾರುತ್ತಿತ್ತು. ಅಪ್ಪನ ದನಿ ಇಳಿಯಿತೆಂದರೆ ಜಗಳ ಮುಗಿಯಿತು, ಊಟಕ್ಕೆ ಕೂಡಬಹುದು ಎಂದರ್ಥ. ಲೋಕದ ಮನೆಗಳೆಲ್ಲ ನಮ್ಮ ಮನೆಯಂತೆಯೇ ಎಂದು ನಂಬಿ ಆ ಸಾಲು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ: ನೀಲಾಂಬಿಕಾ ಹಂಚಿನಾಳ.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಕೂಗಿದವರಿಗೆ ಬೇಗ ಕೆಲಸವಾಗುತ್ತದೆ ಎಂದು ಜನ ಎರಡೇ ತಿಂಗಳಲ್ಲಿ ಕಂಡುಕೊಂಡರು. ದುರ್ಗದಬೈಲು ಮಾರುಕಟ್ಟೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಮೇಜು ಹಾಕಿಕೊಂಡು 'ನಿಮ್ಮ ಪರವಾಗಿ ಸಿಟ್ಟಾಗಲಾಗುವುದು' ಎಂದು ಬೋರ್ಡು ಬರೆಸಿದ. ಜನ ಅವನ ಮುಂದೆ ಪಾಳಿ ಹಚ್ಚಿದರು. ನಾವು ಸುಮ್ಮನಿರುತ್ತೇವೆಯೇ? ಕೊಂಡವರ ದನಿಯೇ ಆಗಿರಬೇಕು ಎಂದು ಯಂತ್ರಕ್ಕೆ ದನಿಯ ಗುರುತು ಜೋಡಿಸಿದೆವು. ಜನ ತಾವೇ ಸಿಟ್ಟು ನಟಿಸಲು ಕಲಿತರು. ನಾವು ನಟನೆ ಹಿಡಿಯುವುದನ್ನು ಯಂತ್ರಕ್ಕೆ ಕಲಿಸಿದೆವು. ನಟಿಸಿ ಸಿಕ್ಕಿಬಿದ್ದರೆ ಒಂದು ಪೂರ್ತಿ ದಿನ ಅವರ ಕರೆ ಎಣಿಕೆಗೇ ಇಲ್ಲ.

ಆಮೇಲೆ ಬಸ್ಸಿನಲ್ಲಿ, ಬಾಲ್ಕನಿಯಲ್ಲಿ, ಎಲ್ಲೆಂದರಲ್ಲಿ ಜನ ನಿಜವಾಗಿ ಸಿಟ್ಟಾಗತೊಡಗಿದರು. ಕರೆ ಮಾಡುವ ಮೊದಲು ಹಳೆಯ ಅವಮಾನಗಳನ್ನು ನೆನೆಸಿಕೊಳ್ಳುತ್ತಿದ್ದರು. ನನಗೂ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು.

ಇದೆಲ್ಲ ನಡೆಯುವಾಗ ನಾನು ಬಾಡಿಗೆಗಿದ್ದದ್ದು ಕೇಶ್ವಾಪುರದಲ್ಲಿ, ರೂತ್ ಮುಳಗುಂದ ಅವರ ಮನೆಯ ಮಾಳಿಗೆಯ ಮೇಲೆ. ಓಣಿಗೆಲ್ಲ ಅವರು 'ಸಿಸ್ಟರ್'. ಸರ್ಕಾರಿ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ಅವರ ಗಂಡ ದಾನಿಯೇಲ ಮಾಸ್ತರು ಡ್ರಾಯಿಂಗ್ ಕಲಿಸುತ್ತಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ಮಾಸ್ತರಿಗೆ ದನಿ ಹೋಯಿತು. ಉಸಿರಾಟವೂ ಕುತ್ತಿಗೆಯಲ್ಲಿ ಕೂರಿಸಿದ ನಳಿಕೆಯಿಂದಲೇ. ಮಾತೆಲ್ಲ ಪಾಟಿಯ ಮೇಲೆ, ಬಳಪದಲ್ಲಿ. ಆ ನಳಿಕೆಯಲ್ಲಿ ಕಫ ಕಟ್ಟಿಕೊಳ್ಳುತ್ತದೆ. ಅದನ್ನು ಎಳೆದು ತೆಗೆಯಲು ಒಂದು ಸಣ್ಣ ಮೋಟಾರು ಯಂತ್ರ ಬೇಕು.

ಹಳೆಯ ಯಂತ್ರ ಸುಟ್ಟುಹೋಗಿ ಹೊಸದನ್ನು ಹೊಸ್ತಿಲಿನಿಂದಲೇ ತರಿಸಿದರು. ಮಂಗಳವಾರ ಬಂತು. ಪೆಟ್ಟಿಗೆ ಬಿಚ್ಚಿ ಸ್ವಿಚ್ಚು ಒತ್ತಿದರೆ ಹಸಿರು ದೀಪದ ಬದಲು ಕೆಂಪು ದೀಪ, ಪರದೆಯ ಮೇಲೆ ಒಂದು ಸಾಲು: 'ಈ ಯಂತ್ರ ಬೇರೊಂದು ವಿಳಾಸಕ್ಕೆ ನೋಂದಣಿಯಾಗಿದೆ.' ಯಾರೋ ಹಿಂತಿರುಗಿಸಿದ್ದನ್ನು ಬೀಗ ತೆಗೆಯದೆ ಮತ್ತೆ ಕಳಿಸಿದ್ದರು. ಕಂಪನಿಯವರು ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಇನ್ನೊಂದು ತರಿಸೋಣವೆಂದರೆ, ದೂರು ಬಾಕಿ ಇರುವಾಗ ಅದೇ ವಸ್ತುವನ್ನು ಮತ್ತೆ ಕೊಳ್ಳಲು ಬರುವುದಿಲ್ಲ, ಬೇರೆ ಕಂಪನಿಯದು ಬರಲು ಒಂದು ವಾರ. ಹೊಸದು ಬರುವವರೆಗೆಂದು ಆಸ್ಪತ್ರೆಯವರು ಕೊಟ್ಟಿದ್ದ ಯಂತ್ರವನ್ನು ಅವತ್ತೇ ವಾಪಸು ತರಿಸಿಕೊಂಡಿದ್ದರು. ಮಾಸ್ತರನ್ನು ಅಲ್ಲಿಗೇ ಸೇರಿಸೋಣವೆಂದರೆ, ಹಾಸಿಗೆ ಖಾಲಿಯಾಗುವುದು ಸೋಮವಾರ ಎಂದರು.

ಅಲ್ಲಿಯವರೆಗೆ ಸಿಸ್ಟರ್ ದೊಡ್ಡ ಸಿರಿಂಜಿಗೆ ತೆಳು ನಳಿಕೆ ಸಿಕ್ಕಿಸಿ ಕೈಯಿಂದಲೇ ಕಫ ಎಳೆಯುತ್ತಿದ್ದರು. ಎರಡು ತಾಸಿಗೊಮ್ಮೆ. ನಡುವೆ ಸಿಕ್ಕ ಹೊತ್ತಿನಲ್ಲಿ ಫೋನು.

"ಇವರ ಮಷೀನಿನ ಹುಡುಗಿ ಭಾಳ ಸಭ್ಯಸ್ತಳು," ಎಂದು ಬುಧವಾರ ಬೆಳಿಗ್ಗೆ ನನಗೆ ಹೇಳಿದರು. ಕಣ್ಣ ಕೆಳಗೆ ಕಪ್ಪಾಗಿತ್ತು. "ಆದ್ರ ಒಂದು ತಿಳೀವಲ್ತು ನೀಲವ್ವಾ. ಮೊದಲ ಸಲ ಹಚ್ಚಿದಾಗ ನಿಮ್ಮ ಮುಂದ ಇನ್ನೂರ ಹನ್ನೆರಡು ಮಂದಿ ಅದಾರ ಅಂದ್ಳು. ಎರಡನೇ ಸಲ ಆರನೂರ ನಲವತ್ತು. ಈಗ ಎರಡು ಸಾವಿರ ಅಂತಾಳ. ಪಾಳಿ ಮುಂದ ಹೋಗೂದು ಬಿಟ್ಟು ಹಿಂದ ಹೊಂಟೈತಲ್ಲ?"

ಅದು ನನ್ನ ನಿಯಮ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು.

"ಸಿಸ್ಟರ್, ನೀವು ಭಾಳ ಮೆತ್ತಗ ಮಾತಾಡ್ತೀರಿ. ಜೋರು ಮಾಡ್ರಿ. ಬೈರಿ."

"ಯಾರಿಗೆ ಬೈಲಿ?"

"ಯಾರಿಗರೆ ಬೈರಿ. ಸಿಟ್ಟು ಬರಬೇಕು ನಿಮಗ."

ಮಾಸ್ತರು ಮಂಚದಿಂದಲೇ ಪಾಟಿ ಎತ್ತಿ ತೋರಿಸಿದರು. 'ನನಗ ಬೈ. ನಲವತ್ತು ವರ್ಷದ ಬಾಕಿ ಐತಿ.' ಸಿಸ್ಟರ್ ನಕ್ಕರು. ಆಮೇಲೆ ನನ್ನ ಒತ್ತಾಯಕ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಗೋಡೆಯ ಕ್ಯಾಲೆಂಡರು ನೋಡುತ್ತ, "ಯಾಕ್ರೀ ನೀವು ಹಿಂಗ ಮಾಡ್ತೀರಿ? ಇದು ಚಲೋ ಅಲ್ಲ ನೋಡ್ರಿ," ಎಂದರು. ಬಾಣಂತಿಗೆ ಗಂಜಿ ಕುಡಿಯಲು ಹೇಳಿದ ಹಾಗಿತ್ತು. ಮಾಸ್ತರು ಪಾಟಿಯಿಂದ ಮುಖ ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿನಿಂದ ಕಫ ಮೇಲೆ ಬಂತು. ಸಿಸ್ಟರ್ ಸಿರಿಂಜು ಹಿಡಿದು ಓಡಿದರು.

ಎಂಟು ಸಲ ಅಭ್ಯಾಸ ಮಾಡಿಸಿದೆ. ರಾತ್ರಿ ಆಫೀಸಿನಿಂದ ಬಂದು ಒಂಬತ್ತನೆಯ ಸಲ ಫೋನು ಹಚ್ಚಿಸಿದೆ. ಪಾಪ, ಕಷ್ಟಪಟ್ಟು ಕೂಗಿದರು. ಯಂತ್ರ ಒಂದೇ ಕ್ಷಣದಲ್ಲಿ ಹಿಡಿಯಿತು. "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಒಂದು ದಿನದ ನಂತರ ಪ್ರಯತ್ನಿಸಿ," ಎಂದು ಆ ಸಭ್ಯ ಹುಡುಗಿ ಹೇಳಿದಳು. ಗುರುವಾರವೂ ಹಾಗೆ ಕೈತಪ್ಪಿತು. ತಪ್ಪು ನನ್ನದು, ಶಿಕ್ಷೆ ಅವರಿಗೆ.

ಗುರುವಾರ ನಾನು ಆಫೀಸಿನಲ್ಲಿ ಅರವಿಂದ ಜಮಖಂಡಿಯವರ ಮೇಜಿನ ಮುಂದೆ ಹೋಗಿ ನಿಂತೆ. ನಿಯಂತ್ರಣ ಕೋಣೆಗೆ ಅವರೇ ಮುಖ್ಯಸ್ಥರು. ಕೆಟ್ಟ ಮನುಷ್ಯರೇನಲ್ಲ, ಮಧ್ಯಾಹ್ನದ ಡಬ್ಬಿಯಲ್ಲಿ ತಂದ ಶೇಂಗಾ ಹೋಳಿಗೆ ಎಲ್ಲರಿಗೂ ಹಂಚಿ ತಿನ್ನುವವರು.

"ಸರ್, ಒಂದು ದೂರು ಮುಂದ ಸರಸಬೇಕು. ಉಸಿರಿನ ಪ್ರಶ್ನೆ ಅದು."

"ನಿಮಗ ಗುರ್ತಿನವ್ರು ಏನ್ರಿ?"

"ನಮ್ಮ ಮನಿ ಮಾಲಕರು."

"ಹಂಗಾದ್ರ ಆಗಂಗಿಲ್ಲ. ಇವತ್ತ ನೀವು ಮನಿ ಮಾಲಕರನ್ನ ಸರಸ್ತೀರಿ, ನಾಳೆ ನಾ ನಮ್ಮ ಬೀಗರನ್ನ ಸರಸ್ತೀನಿ. ಯಂತ್ರ ಕೊಟ್ಟ ದೂರು ಬಿಟ್ಟು ಬ್ಯಾರೇದನ್ನ ನಮ್ಮ ಮಂದಿಗೆ ತೆಗಿಲಿಕ್ಕೂ ಬರಂಗಿಲ್ಲ, ನಿಮಗ ಗೊತ್ತದ." ಪರದೆಯತ್ತ ತಿರುಗಿ ಅಂಕಿ ನೋಡಿದರು. "ತೊಂಬತ್ತೊಂದು. ಆರಾಮ ಅದಾರಲ್ಲ? ಮತ್ತ ಯಾಕ ಗಡಿಬಿಡಿ?"

ನಾನು ನನ್ನ ಜಾಗಕ್ಕೆ ಹೋಗಿ ಸಿಸ್ಟರ್ ಮಾಡಿದ ಕರೆಗಳನ್ನೆಲ್ಲ ತೆಗೆದು ಒಂದರ ಹಿಂದೆ ಒಂದು ಕೇಳಿದೆ. ಮೊದಲನೆಯದರಲ್ಲಿ ಎಲ್ಲರಂತೆ ಮಾತಾಡಿದ್ದರು, ಅಂಕಿ ಎಪ್ಪತ್ತೊಂದು. ಎರಡನೆಯದರಲ್ಲಿ ಎಂಬತ್ತಮೂರು. ಮಾಸ್ತರಿಗೆ ಜ್ವರ ಬಂದ ಬುಧವಾರದ ಬೆಳಗಿನ ಕರೆಯಲ್ಲಿ ತೊಂಬತ್ತೊಂದು. ವಾರ್ಡಿನಲ್ಲಿ ಪಾಳಿ ಬದಲಿಸುವಾಗ ವರದಿ ಒಪ್ಪಿಸುವಂತೆ ಹೇಳುತ್ತಿದ್ದರು: ಎಷ್ಟು ಗಂಟೆಗೆ, ಎಷ್ಟು ಕಫ, ಯಾವ ಬಣ್ಣ, ಜ್ವರ ಎಷ್ಟು. ಮಾಸ್ತರ ಸ್ಥಿತಿ ಕೆಟ್ಟಷ್ಟೂ ದನಿ ತಗ್ಗಿತ್ತು, ಉಸಿರು ಉದ್ದವಾಗಿತ್ತು, ಒಂದೊಂದು ಮಾತೂ ಬಿಡಿಬಿಡಿಯಾಗಿ ಸ್ಪಷ್ಟವಾಗಿತ್ತು.

ಆಗ ನೆನಪಾಯಿತು. ಹಿಂದೊಮ್ಮೆ ಅಕ್ಕಿ ಹಸನು ಮಾಡುತ್ತ ಅವರೇ ಹೇಳಿದ್ದರು. "ಕೂಸು ಅಡ್ಡಾದಾಗ, ರಕ್ತ ನಿಲ್ಲದಾಗ, ನಾ ದನಿ ಇಳಸ್ತಿದ್ದೆ ತಂಗಿ. ನಾ ಚೀರಿದ್ರ ಆಕಿ ಹೆದರ್ತಾಳ, ಹೆದರಿದ್ರ ಬಿಗಿ ಹಿಡೀತಾಳ. ನಮ್ಮ ವಾರ್ಡಿನ ಆಯಾಗೋಳು ನನ್ನ ದನಿ ಇಳದ್ದು ಕೇಳಿದ್ರ ಸಾಕು, ಡಾಕ್ಟರನ್ನ ಕರ್ಯಾಕ ಓಡ್ತಿದ್ರು." ಆಗ ನಾನು ಹೌದೇನ್ರೀ ಎಂದು ಬೆರಗಾಗಿದ್ದೆ. ಮರುದಿನ ಆಫೀಸಿಗೆ ಬಂದು ಅದೇ ನಿಯಮದ ಮೇಲೆ ಕೆಲಸ ಮುಂದುವರಿಸಿದ್ದೆ.

ಕೈ ಸುಮ್ಮನಿರಲಿಲ್ಲ. ಪಾಳಿಯ ಬಾಲದಲ್ಲಿ ತೊಂಬತ್ತರ ಮೇಲಿನವರನ್ನೆಲ್ಲ ಹುಡುಕಿದೆ. ಮುನ್ನೂರ ಎಂಟು ಜನ. ಕುರುಡು ಮಕ್ಕಳ ಶಾಲೆಯ ಶಿಕ್ಷಕಿಯೊಬ್ಬರು. ರೈಲು ಓಡಿಸುವವರೊಬ್ಬರು. ಮಗಳ ಮದುವೆಗೆ ತರಿಸಿದ ಸೀರೆ ಹರಿದು ಬಂದದ್ದನ್ನು ಮೂರು ವಾರದಿಂದ ಒಂದೇ ಸಮನೆ ವಿವರಿಸುತ್ತಿದ್ದ ಒಬ್ಬ ತಂದೆ. ಕೆಲವರು ಕರೆ ಮಾಡುವುದನ್ನೇ ಬಿಟ್ಟಿದ್ದರು. ಏಳು ದಿನ ಕರೆ ಬರದಿದ್ದರೆ ನಮ್ಮ ಯಂತ್ರ ಅಂಥವರನ್ನು 'ಸಂತೃಪ್ತರು' ಎಂಬ ಪಟ್ಟಿಗೆ ಸೇರಿಸುತ್ತದೆ. ಕಳೆದ ವರ್ಷದ ವಾರ್ಷಿಕ ಸಭೆಯಲ್ಲಿ ಆ ಪಟ್ಟಿ ಎಷ್ಟು ಉದ್ದವಾಗಿದೆ ನೋಡಿ ಎಂದು ನಾನೇ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ಶುಕ್ರವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಸಿಸ್ಟರ್ ಕರೆ ಬಂತು. ನಾನು ಬೆಳಗಿನಿಂದ ಅವರ ಸಂಖ್ಯೆಯ ಮೇಲೆಯೇ ಕಣ್ಣಿಟ್ಟಿದ್ದೆ. ಕಿವಿಗೆ ಹಚ್ಚಿಕೊಂಡೆ. ಕೇಳಲು ನನಗೆ ಅನುಮತಿ ಇದೆ, ಉತ್ತರ ಕೊಡಲು ಇಲ್ಲ.

"ನಮಸ್ಕಾರ್ರಿ. ರೂತ್ ಮುಳಗುಂದ, ಕೇಶ್ವಾಪುರ. ಎರಡೂ ಹತ್ತಕ್ಕ ಸಿರಿಂಜಿನ ನಳಿಕಿ ಕಟ್ಟಿತ್ರಿ. ಕಡೀ ನಳಿಕಿ ಅದು. ತುಟಿ ಒಂದೀಟು ನೀಲಿ ಆಗ್ಯಾವ. ಆಂಬ್ಯುಲೆನ್ಸಿಗೆ ಹೇಳೀನಿ, ನಲವತ್ತು ನಿಮಿಷ ಅಂದಾರ. ಮಷೀನು ಇಲ್ಲೇ ಮುಂದ ಐತ್ರಿ, ಬೀಗ ಒಂದ ತೆಗದ್ರ ಆತು. ನಾ ಕಾಯ್ತೀನ್ರಿ."

ಅಷ್ಟು ಇಂಪಾದ ದನಿ ನಾನು ಈ ಜನ್ಮದಲ್ಲಿ ಕೇಳಿಲ್ಲ. ಹಿಂದಿನಿಂದ ಸೀಟಿ ಹೊಡೆದಂಥ ಸಣ್ಣ ಸದ್ದು ಬರುತ್ತಿತ್ತು, ಅದು ಮಾಸ್ತರ ಉಸಿರು. ಪರದೆಯ ಮೇಲೆ ಅಂಕಿ ತೊಂಬತ್ತೊಂಬತ್ತು. ಮುಂದಿರುವವರು ಐದು ಸಾವಿರದ ನಾನೂರ ಆರು.

ಜಮಖಂಡಿಯವರನ್ನು ಕೇಳಿದರೆ ಬೇಡ ಎನ್ನುತ್ತಾರೆ, ಅದನ್ನು ಕೇಳಲೂ ಹೊತ್ತಿಲ್ಲ. ಪಾಳಿಯಲ್ಲಿ ಒಬ್ಬರನ್ನು ಸರಿಸಲು ನನಗೆ ಅಧಿಕಾರವಿಲ್ಲ. ಆದರೆ ನನ್ನ ನಿಯಮವನ್ನು ತಿದ್ದುವ ಕೀಲಿ ನನ್ನಲ್ಲೇ ಇತ್ತು. ಆ ಸಾಲನ್ನು ತೆರೆದೆ. ದನಿ ತಗ್ಗಿದರೆ ಅಂಕಿ ಏರಿಸು. ಅದರ ಮುಂದೆ ಒಂದು ಸಣ್ಣ ಗೆರೆ ಎಳೆದೆ, ಕಳೆಯುವ ಗುರುತು. ಇನ್ನು ಮೇಲೆ ದನಿ ತಗ್ಗಿದರೆ ಅಂಕಿ ಇಳಿಯಲಿ.

ದೊಡ್ಡ ಪರದೆ ಒಮ್ಮೆ ಮಿನುಗಿತು. ಇಡೀ ಪಾಳಿ ಬುಡಮೇಲಾಯಿತು. ರೂತ್ ಮುಳಗುಂದ, ಒಂದು.

ಕರೆ ಹೋದದ್ದು ಹತ್ತೊಂಬತ್ತನೆಯ ಮೇಜಿನ ಚನ್ನಬಸುವಿಗೆ. ಎರಡು ವರ್ಷದಿಂದ ಬರೀ ಬೈಗುಳ ತಿಂದವನು, ಅಭ್ಯಾಸಬಲದಿಂದ ಕಿವಿಗೂ ಹೆಡ್‌ಫೋನಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟೇ ಕರೆ ತೆಗೆದ. ಆಮೇಲೆ ಅದನ್ನು ಮೆಲ್ಲಗೆ ಕಿವಿಗೆ ಒತ್ತಿಕೊಂಡ. ಸುತ್ತ ನೋಡಿದ, ಯಾರಾದರೂ ತಮಾಷೆ ಮಾಡುತ್ತಿದ್ದಾರೇನೋ ಎಂಬಂತೆ.

"ಹೇಳ್ರಿ ಅಮ್ಮಾರ... ನಂಬರ್ ಹೇಳ್ರಿ... ಹಾಂ, ಕಂಡ್ತು. ಈಗ ಒತ್ರಿ ಸ್ವಿಚ್."

ನಲವತ್ತು ಸೆಕೆಂಡು. ನನ್ನ ಕಿವಿಯಲ್ಲಿ ಮೋಟಾರು ಗುಂಯ್ ಎಂದಿತು. ಕಫ ಎಳೆಯುವ ಗೊರಗೊರ ಸದ್ದು ಬಂತು, ಹೇಸಿಗೆಯ ಸದ್ದೇ ಅದು, ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಸೀಟಿ ನಿಂತಿತು. "ದೇವರು ನಿನಗ ಒಳ್ಳೇದು ಮಾಡ್ಲಿ ತಮ್ಮಾ. ಊಟ ಆತಿಲ್ಲೋ?" ಎಂದರು ಸಿಸ್ಟರ್. ಚನ್ನಬಸು ಮುಂದಿನ ಕರೆಯ ಗುಂಡಿ ಒತ್ತಿದ.

ಜಮಖಂಡಿಯವರಿಗೆ ತಿಳಿಯಲು ಏಳು ನಿಮಿಷ ಹಿಡಿಯಿತು. ಅಷ್ಟರಲ್ಲಿ ಇನ್ನೂರು ಮೇಜಿನಲ್ಲೂ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಹರಿದ ಸೀರೆಯ ತಂದೆಗೂ ಪಾಳಿ ಬಂತು. ಸಿಟ್ಟಿನವರು ಪಾಳಿಯ ಬಾಲದಲ್ಲಿ ಕುದಿಯುತ್ತಿದ್ದರು.

"ಏನ್ ಮಾಡಿದ್ರಿ ನೀವು?" ಎಂದು ಜಮಖಂಡಿಯವರು ಓಡಿ ಬಂದರು.

"ನಿಯಮ ತಪ್ಪಿತ್ತು ಸರ್. ಸುಮ್ಮನ ಆದವ್ರು ತೃಪ್ತ ಆದವ್ರಲ್ಲ. ಆ ಪಟ್ಟಿನೂ ಸುಳ್ಳು."

"ಅದು ಸುಳ್ಳೋ ಖರೇನೋ ಆಮೇಲೆ ನೋಡೂಣು. ಹೇಳದ ಕೇಳದ ಬದಲಿ ಮಾಡಿದ್ರಲ್ಲ?" ಅವರೇ ಬಾಗಿ ಆ ಗೆರೆಯನ್ನು ಅಳಿಸಿದರು. ಪರದೆ ಮತ್ತೆ ಮಿನುಗಿತು, ಸಿಟ್ಟಿನವರು ಮತ್ತೆ ಮುಂದೆ ಬಂದರು. "ಆಫೀಸಿನ ಕಾರ್ಡ್ ಇಟ್ಟು ಹೋಗ್ರಿ. ನನಗ ಬ್ಯಾಸರ ಆಗ್ತದ, ಆದ್ರ ಇಟ್ಟು ಹೋಗ್ರಿ."

ಇಟ್ಟು ಬಂದೆ. ನಾಲ್ಕು ಗಂಟೆಗೆ ಮನೆ ಮುಟ್ಟಿದಾಗ ಆಂಬ್ಯುಲೆನ್ಸ್ ಬಂದು, ನೋಡಿ, ಹೊರಟುಹೋಗಿತ್ತು. ಮಾಸ್ತರು ದಿಂಬಿಗೆ ಒರಗಿ ಕೂತಿದ್ದರು, ತುಟಿಗೆ ಬಣ್ಣ ಬಂದಿತ್ತು. ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಸಿಸ್ಟರ್ ಚಹಾ ಕುದಿಸಿ ನನಗೂ ಒಂದು ಕಪ್ಪು ತಂದರು.

"ಇವತ್ತ ಒಮ್ಮೆಲೇ ಹೆಂಗ ಫೋನ್ ತಗೊಂಡ್ರು ಅಂತೀನಿ," ಎಂದರು.

ನಾನು ಹೇಳಿಬಿಟ್ಟೆ. ನಿಂತುಕೊಂಡೇ, ತಡವರಿಸುತ್ತ, ಎಲ್ಲವನ್ನೂ. ತಾಳ್ಮೆ ಅಳೆಯುವ ಯಂತ್ರ, ಅದರ ಅಂಕಿ, ಇವತ್ತು ಎಳೆದ ಗೆರೆ, ಹೋದ ನೌಕರಿ. ಒಳಗೊಳಗೇ ಎರಡು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕೊನೆಯಲ್ಲಿ, "ದನಿ ಇಳಿಸಿದವ್ರನ್ನ ಹಿಂದ ಹಾಕೂ ನಿಯಮ ನಂದ ರೀ ಸಿಸ್ಟರ್. ನಾನ ಬರದಿದ್ದೆ," ಎಂದೆ.

ಅವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

"ನಿನಗ ಗೊತ್ತಿತ್ತು!" ಎಂದರು. ದನಿ ಒಡೆದು ಮೇಲೇರಿತು. "ಬುಧವಾರ ಗೊತ್ತಿತ್ತು ನಿನಗ! ಇಲ್ಲೇ ನಿಂತು ನನಗ ಕುಣಿಸಿದ್ಯಲ್ಲ, ಬೈರಿ ಬೈರಿ ಅಂತ! ನಾಲ್ಕು ದಿನ ಕಣ್ಣು ಮುಚ್ಚಿಲ್ಲ ನಾ. ನಳಿಕಿ ಕಟ್ಟಿದಾಗ ಅವರ ಕಣ್ಣು ನೋಡೀನಿ. ಮೆತ್ತಗ ಮಾತಾಡಿದ್ದ ತಪ್ಪಾತೇನು? ಮೂವತ್ತೊಂದು ವರ್ಷ ಹಂಗ ಮಾತಾಡಿ ಮಂದಿ ಜೀವ ಉಳಿಸೀನಿ! ಯಾರ ನಿನಗ ಹೇಳಿದ್ರು, ಸುಮ್ಮನಿದ್ದವ್ರಿಗೆ ಏನೂ ಆಗಿಲ್ಲಂತ? ಯಾರ ಹೇಳಿದ್ರು?"

ಓಣಿಯವರು ಕಿಟಕಿಗೆ ಬಂದರು. ಸಿಸ್ಟರ್ ಕೂಗಿದ್ದನ್ನು ಆ ಓಣಿ ಯಾವತ್ತೂ ಕೇಳಿರಲಿಲ್ಲ. ಉಸಿರು ಚಿಕ್ಕದಾಗಿತ್ತು, ಮಾತು ಮಾತಿಗೂ ದನಿ ಮುರಿಯುತ್ತಿತ್ತು. ಇದೇ ದನಿ ನಮ್ಮ ಯಂತ್ರಕ್ಕೆ ಬಿದ್ದಿದ್ದರೆ ಮೂರೋ ನಾಲ್ಕೋ ಅಂಕಿ ಕೊಟ್ಟು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿತ್ತು. ಅವರಿಗೆ ಈಗ ಅದರಿಂದ ಬೇಕಾದದ್ದು ಏನೂ ಇರಲಿಲ್ಲ.

ಮಂಚದ ಮೇಲೆ ಬಳಪದ ಸದ್ದಾಯಿತು. ಮಾಸ್ತರು ಪಾಟಿ ಎತ್ತಿದರು. 'ಈಗ ಹಚ್ಚು ಫೋನು.'

ನನಗೆ ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ. ಸಿಸ್ಟರ್ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು, ಒಂದು ಉದ್ದನೆಯ ಉಸಿರು ಎಳೆದುಕೊಂಡರು, ನನ್ನ ಕಡೆ ತಿರುಗಿದರು.

"ನೀಲವ್ವಾ," ಎಂದರು, ಮೆಲ್ಲಗೆ, ಸ್ಪಷ್ಟವಾಗಿ, ಒಂದೊಂದೇ ಮಾತು. "ನೀ ಈಗ ಮ್ಯಾಲ ಹೋಗು."

ನನ್ನ ನಿಯಮದ ಪ್ರಕಾರ ಅವರಿಗೆ ತಾಳ್ಮೆ ಮರಳಿತ್ತು. ನಾನು ಚಹಾ ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೆಟ್ಟಿಲು ಹತ್ತಿದೆ.